ಮಂಡೂಕದ ನೆಲೆಯೂ ನ್ಯಾಯಾಧೀಶರ ವ್ಯಾಕರಣವೂ

ಲೋಕಾನುಭವವಿಲ್ಲದವನನ್ನು ಕೂಪಮಂಡೂಕವೆಂದು ಕರೆದು ನಗುವುದು ಪಂಡಿತರಲ್ಲಿಯೂ ಪಾಮರರಲ್ಲಿಯೂ ಬಹುಕಾಲದಿಂದ ನಡೆದುಬಂದ ರೂಢಿ. ಆ ಕಪ್ಪೆಯು ತಾನಾಗಿಯೇ ಬಾವಿಯನ್ನು ಆರಿಸಿಕೊಂಡಿತೋ, ಅಥವಾ ಹೊರಗಿನ ಕೆರೆಕುಂಟೆಗಳನ್ನೆಲ್ಲ ಯಾರೋ ಮುಚ್ಚಿಬಿಟ್ಟುದರಿಂದ ಬಾವಿಯಲ್ಲಿಯೇ ದಿನ ನೂಕಬೇಕಾಯಿತೋ ಎಂದು ಕೇಳುವವರು ಮಾತ್ರ ವಿರಳ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ತೀರದಲ್ಲಿ ಇಂತಹ ಒಂದು ಕಪ್ಪೆಯುಂಟು. 2001ನೆಯ ಇಸವಿಯಲ್ಲಿ ಅದರ ಜಾತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಪ್ರಾಣಿಗಳು ಸುಮಾರು ನೂರು. ಅಷ್ಟಕ್ಕೂ ಇದ್ದ ಆಶ್ರಯ ಮಿಸಿಸಿಪಿ ಸಂಸ್ಥಾನದ ಒಂದೇ ಒಂದು ಕುಂಟೆ. ಆ ವರ್ಷ ಅದನ್ನು ಕಾಯಿದೆಯ ರಕ್ಷಣೆಗೆ ತೆಗೆದುಕೊಂಡ ದೇಶವು, ಹದಿನೇಳು ವರ್ಷಗಳ ತರುವಾಯ, ‘ನೆಲೆ’ ಎಂಬ ಒಂದು ಶಬ್ದದ ಅರ್ಥವೇನೆಂದು ತನ್ನ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿತು. ವಾದವು ಮುಗಿದಾಗ ಶಬ್ದಕ್ಕೆ ಅರ್ಥವೂ ನಿಶ್ಚಯವಾಗಲಿಲ್ಲ, ಕಪ್ಪೆಗೆ ನೆಲೆಯೂ ದೊರೆಯಲಿಲ್ಲ. ಪ್ರಾಣಿಯನ್ನು ಕಾಯುತ್ತೇನೆಂದು ಹೇಳಿ ಅದರ ನೆಲೆಯನ್ನು ಕೈಬಿಡುವ ಕಾಯಿದೆಯು ಅರ್ಧ ಕಾಯಿದೆಯೆಂಬುದೂ, ಆ ಅರ್ಧತ್ವವನ್ನು ವ್ಯಾಕರಣದ ಹೆಸರಿನಲ್ಲಿ ಸಮರ್ಥಿಸುವುದು ವ್ಯಾಕರಣಕ್ಕೇ ಅಪಚಾರವೆಂಬುದೂ ಇಲ್ಲಿ ಪ್ರತಿಪಾದಿಸಬೇಕಾದ ವಿಷಯ.

ಮೊದಲು ಪ್ರಾಣಿಯ ಪರಿಚಯವಾಗಬೇಕು. ಆ ದೇಶದಲ್ಲಿ ಇದಕ್ಕೆ ‘ಡಸ್ಕಿ ಗೋಫರ್ ಫ್ರಾಗ್’ ಎಂದು ಹೆಸರು. ಕಪ್ಪು, ಕಂದು, ಬೂದಿ ಇವುಗಳ ನಡುವಣ ಮಬ್ಬು ಮೈಬಣ್ಣದಿಂದ ‘ಡಸ್ಕಿ’ಯೆಂಬ ವಿಶೇಷಣವು ಬಂದಿತು, ಗೋಫರ್ ಎಂಬ ಜಾತಿಯ ನೆಲದಾಮೆಯು ತೋಡಿದ ಬಿಲಗಳಲ್ಲಿ ವಾಸಮಾಡುವುದರಿಂದ ‘ಗೋಫರ್’ ಎಂಬುದು ಸೇರಿತು. ಉದ್ದವು ಸುಮಾರು ಮೂರು ಅಂಗುಲ. ಬೆನ್ನಿನ ತುಂಬ ಗಂಟುಗಳೂ ಕಪ್ಪು ಚುಕ್ಕೆಗಳೂ ಇರುತ್ತವೆ. ಗಂಡುಕಪ್ಪೆಯ ಕೂಗು ಮನುಷ್ಯನ ಗೊರಕೆಯನ್ನು ಹೋಲುತ್ತದೆ. ಭಯವಾದಾಗ ಈ ಪ್ರಾಣಿಯು ಮುಂಗಾಲುಗಳಿಂದ ಕಣ್ಣುಗಳನ್ನು ಮುಚ್ಚಿಕೊಂಡು ಕುಳಿತುಬಿಡುತ್ತದೆ; ಅಷ್ಟಕ್ಕೂ ಶತ್ರುವು ತೊಲಗದಿದ್ದರೆ ಚರ್ಮದಿಂದ ಹಾಲಿನಂತಹ ಕಹಿರಸವನ್ನು ಒಸರಿಸುತ್ತದೆ. ಗೋಯಿನ್, ನೆಟಿಂಗ್ ಎಂಬ ಇಬ್ಬರು ಪ್ರಾಣಿಶಾಸ್ತ್ರಜ್ಞರು 1940ರಲ್ಲಿ ಇದಕ್ಕೆ ಶಾಸ್ತ್ರೀಯನಾಮವನ್ನಿತ್ತು ಪ್ರಕಟಿಸಿದರು. ಅವರು ಪ್ರಮಾಣವಾಗಿ ಹಿಡಿದ ಕಪ್ಪೆಯು ಲೂಯಿಸಿಯಾನಾ ಸಂಸ್ಥಾನದ ಸೇಂಟ್ ಟ್ಯಾಮನಿ ಎಂಬ ಜಿಲ್ಲೆಯ ಸ್ಲೈಡೆಲ್ ಊರಿನದು. ಈ ಜಿಲ್ಲೆಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವ್ಯಾಜ್ಯವೆಲ್ಲ ಅಲ್ಲಿಯದೇ.

ಈ ಕಪ್ಪೆಯ ಜೀವನಕ್ಕೆ ಮೂರು ಸಾಧನಗಳು ಅವಶ್ಯಕ. ಮೊದಲನೆಯದು, ಮರಗಳು ದೂರದೂರ ಬೆಳೆದು ಬಿಸಿಲು ನೆಲವನ್ನು ಮುಟ್ಟುವ, ಹುಲ್ಲು ಹಬ್ಬಿದ, ಉದ್ದೆಲೆಯ ಪೈನ್ ಮರಗಳ ಕಾಡು. ಎರಡನೆಯದು, ಒಣದಿನಗಳನ್ನು ಕಳೆಯಲು ಆಮೆಯ ಬಿಲವೋ ಮರದ ಬೊಡ್ಡೆ ಕೊಳೆತು ಉಂಟಾದ ಗುಳಿಯೋ. ಮೂರನೆಯದು, ಮೊಟ್ಟೆಯಿಡಲು ಮಳೆನೀರಿನ ಕುಂಟೆ. ಈ ಕುಂಟೆಯು ವರ್ಷವೆಲ್ಲ ತುಂಬಿರಬಾರದು. ತುಂಬಿದ್ದರೆ ಮೀನುಗಳು ನೆಲಸಿ ಮೊಟ್ಟೆಯನ್ನೂ ಗೊದಮೊಟ್ಟೆಯನ್ನೂ ತಿಂದುಹಾಕುತ್ತವೆ. ಬೇಗನೆ ಬತ್ತಲೂ ಬಾರದು. ಗೊದಮೊಟ್ಟೆಗೆ ಕಾಲು ಮೂಡಿ ಅದು ದಡವೇರಬೇಕಾದರೆ ಸುಮಾರು ಮೂರು ತಿಂಗಳಾದರೂ ನೀರು ನಿಲ್ಲಬೇಕು. ಚಳಿಗಾಲದ ಮಳೆಗೆ ತುಂಬಿ ಬೇಸಗೆಯಲ್ಲಿ ಬತ್ತುವ ಕುಂಟೆಯೇ ಇದಕ್ಕೆ ತಕ್ಕದ್ದು. ಇನ್ನು ಆ ಕಾಡನ್ನು ತೆರಪಾಗಿ ಇಡುತ್ತಿದ್ದುದು ಬೆಂಕಿ. ಆಗಾಗ ನೆಲದ ಮೇಲೆ ಹಾಯ್ದುಹೋಗುವ ಸಣ್ಣ ಉರಿಯು ಪೊದೆಗಳನ್ನು ಸುಟ್ಟು ಹುಲ್ಲಿಗೆ ಎಡೆಮಾಡಿಕೊಡುತ್ತಿತ್ತು. ಉದ್ದೆಲೆಯ ಪೈನ್ ಮರವು ಅಂತಹ ಉರಿಯನ್ನು ತಾಳಿಕೊಳ್ಳುವ ಶಕ್ತಿಯುಳ್ಳದ್ದು.

ಒಂದು ಕಾಲಕ್ಕೆ ಲೂಯಿಸಿಯಾನಾ, ಮಿಸಿಸಿಪಿ, ಅಲಬಾಮಾ ಎಂಬ ಮೂರು ಸಂಸ್ಥಾನಗಳ ತೀರಪ್ರದೇಶದಲ್ಲಿ ಈ ಕಪ್ಪೆಯು ವಾಸಮಾಡುತ್ತಿತ್ತು. ಆಮೇಲೆ ಕಾಡನ್ನು ಕಡಿದರು. ಕೆಲವೆಡೆ ಪಟ್ಟಣಗಳು ಎದ್ದವು, ಕೆಲವೆಡೆ ಹೊಲಗಳಾದವು, ಮಿಕ್ಕೆಡೆ ಬೇಗ ಬೆಳೆದು ಬೇಗ ಕಾಸು ತರುವ ಲಾಬ್ಲಾಲಿ ಪೈನ್ ಮರಗಳ ದಟ್ಟ ತೋಪುಗಳನ್ನು ಹಾಕಿದರು. ತೋಪಿಗೆ ಬೆಂಕಿ ತಗುಲಬಾರದೆಂದು ಉರಿಯನ್ನು ತಡೆದರು. ಹೀಗೆ ಉದ್ದೆಲೆಯ ಪೈನ್ ಕಾಡಿನಲ್ಲಿ ನೂರಕ್ಕೆ 98 ಪಾಲಿಗಿಂತಲೂ ಹೆಚ್ಚು ಹೋಗಿಬಿಟ್ಟಿತು. ಕಾಡಿನೊಡನೆ ಬಿಲವೂ, ಬಿಲದೊಡನೆ ಕಪ್ಪೆಯೂ ಹೋಯಿತು. ಸೇಂಟ್ ಟ್ಯಾಮನಿಯಲ್ಲಿ ಅದನ್ನು ಕಡೆಯಬಾರಿಗೆ ಕಂಡದ್ದು 1965ರಲ್ಲಿ. ಕೊನೆಗೆ ಮಿಸಿಸಿಪಿಯ ಡಿಸೋಟೋ ರಾಷ್ಟ್ರೀಯ ಅರಣ್ಯದಲ್ಲಿರುವ ಗ್ಲೆನ್ ಎಂಬವನ ಹೆಸರಿನ ಕುಂಟೆಯೊಂದೇ ಉಳಿಯಿತು. ಇಡೀ ಒಂದು ಜಾತಿಯು ಒಂದೇ ಕುಂಟೆಯನ್ನು ನಂಬಿ ಬದುಕುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಒಂದು ಅನಾವೃಷ್ಟಿ, ಒಂದು ಜಾಡ್ಯ, ಪಕ್ಕದಲ್ಲಿ ಹಾಯುವ ಒಂದು ಹೆದ್ದಾರಿ, ಇವುಗಳಲ್ಲಿ ಯಾವುದೊಂದಾದರೂ ಸಾಕು.

ಕಾಯಿದೆಯೇನೋ ಇದ್ದಿತು. 1973ರಲ್ಲಿ ಅಂಗೀಕೃತವಾದ, ಅಳಿಯುತ್ತಿರುವ ಜೀವಜಾತಿಗಳ ರಕ್ಷಣೆಯ ಆ ಕಾಯಿದೆಯು ಲೋಕದಲ್ಲಿ ಇಂತಹ ಶಾಸನಗಳಲ್ಲಿ ಬಲವಾದುದೆಂದು ಹೆಸರಾದುದು. ಅದರಂತೆ ಪ್ರಾಣಿಯನ್ನು ಪಟ್ಟಿಗೆ ಸೇರಿಸುವುದು ಮೊದಲನೆಯ ಹೆಜ್ಜೆ. ಅದರ ‘ಅತ್ಯಾವಶ್ಯಕ ನೆಲೆ’ಯನ್ನು ಗುರುತಿಸಿ ಘೋಷಿಸುವುದು ಎರಡನೆಯದು. ಇಂತಹ ನೆಲೆಯು ಎರಡು ಬಗೆ. ಪಟ್ಟಿಗೆ ಸೇರಿದ ಕಾಲದಲ್ಲಿ ಪ್ರಾಣಿಯು ವಾಸಮಾಡುತ್ತಿರುವ ಪ್ರದೇಶದೊಳಗಣ ಸ್ಥಳಗಳು ಒಂದು ಬಗೆ. ಆ ಪ್ರದೇಶದ ಹೊರಗಿದ್ದರೂ ಆ ಜಾತಿಯ ಸಂರಕ್ಷಣೆಗೆ ಅವಶ್ಯಕವೆಂದು ನಿಶ್ಚಯಿಸಲ್ಪಟ್ಟ ಸ್ಥಳಗಳು ಮತ್ತೊಂದು ಬಗೆ. ಪ್ರಾಣಿಯಿಲ್ಲದ ಸ್ಥಳವನ್ನೂ ಅದರ ಸಲುವಾಗಿ ಕಾಯಬಹುದೆಂದು ಶಾಸನಕಾರರು ಬಾಯಿಬಿಟ್ಟು ಹೇಳಿದ್ದಾರೆಂಬುದನ್ನು ಇಲ್ಲಿ ಗಮನಿಸಬೇಕು.

ಆ ದೇಶದ ಮತ್ಸ್ಯ-ವನ್ಯಜೀವಿ ಇಲಾಖೆಯು 2012ರಲ್ಲಿ ಒಟ್ಟು 6,477 ಎಕರೆಗಳನ್ನು ಈ ಕಪ್ಪೆಯ ಅತ್ಯಾವಶ್ಯಕ ನೆಲೆಯೆಂದು ಘೋಷಿಸಿತು. ಇವುಗಳಲ್ಲಿ 1,544 ಎಕರೆ ಸೇಂಟ್ ಟ್ಯಾಮನಿಯದು. ಅಲ್ಲಿ ಕಪ್ಪೆಯಿರಲಿಲ್ಲ, ನೆಲವು ಲಾಬ್ಲಾಲಿ ತೋಪಿನಿಂದ ಮುಚ್ಚಿಹೋಗಿತ್ತು. ಆದರೆ ಒಂದಕ್ಕೊಂದು ಹತ್ತಿರವಾಗಿ ಐದು ಮಳೆಕುಂಟೆಗಳು ಅಲ್ಲಿ ಕೆಡದೆ ಉಳಿದಿದ್ದವು. ಇಷ್ಟು ಒಳ್ಳೆಯ ಕುಂಟೆಗಳು ಒಂದೆಡೆ ಸೇರಿರುವುದು ದುರ್ಲಭವೆಂದೂ, ಮರಗಳನ್ನು ಬದಲಾಯಿಸಬಹುದಾದರೂ ಇಂತಹ ಕುಂಟೆಗಳನ್ನು ಹೊಸದಾಗಿ ಮಾಡುವುದು ಕಷ್ಟವೆಂದೂ ಇಲಾಖೆಯ ಅಭಿಪ್ರಾಯ. ಮಿಸಿಸಿಪಿಯ ಕುಂಟೆಗೆ ಏನಾದರೂ ವಿಪತ್ತು ಬಂದರೆ ದೂರದಲ್ಲಿ ಇನ್ನೊಂದು ಆಶ್ರಯವಿರಲಿ ಎಂಬುದು ಅದರ ಉದ್ದೇಶ.

ಭೂಮಿಯು ಖಾಸಗಿಯವರದು. ಒಂದು ಕುಟುಂಬವೂ, ವೇಯರ್‌ಹೌಸರ್ ಎಂಬ ಮರದ ವ್ಯಾಪಾರದ ದೊಡ್ಡ ಕಂಪೆನಿಯೂ ಅದಕ್ಕೆ ಹಕ್ಕುದಾರರು. ಮುಂದೆ ಅಲ್ಲಿ ಮನೆಮಾರುಗಳನ್ನು ಕಟ್ಟಿಸಬೇಕೆಂಬ ಯೋಚನೆ ಅವರಿಗಿದ್ದಿತು. ಈ ಘೋಷಣೆಯಿಂದ ಕಟ್ಟಡದ ಕೆಲಸಕ್ಕೆ ಅನುಮತಿಯೇ ದೊರೆಯದೆ ಹೋದರೆ ಇಪ್ಪತ್ತು ವರ್ಷಗಳಲ್ಲಿ 3 ಕೋಟಿ 39 ಲಕ್ಷ ಡಾಲರುಗಳವರೆಗೆ ನಷ್ಟವಾಗಬಹುದೆಂದು ಇಲಾಖೆಯೇ ಲೆಕ್ಕಹಾಕಿ, ಆದರೂ ಆ ನಷ್ಟವು ಅತಿಯಾದುದಲ್ಲವೆಂದು ತೀರ್ಮಾನಿಸಿತ್ತು. ಹಕ್ಕುದಾರರು ನ್ಯಾಯಾಲಯಕ್ಕೆ ಹೋದರು. ಜಿಲ್ಲಾ ನ್ಯಾಯಾಲಯದಲ್ಲಿ ಸೋತರು. 2016ರಲ್ಲಿ ಮೇಲ್ಮನವಿಯಲ್ಲಿಯೂ ಸೋತರು. ಕಡೆಗೆ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2018ನೆಯ ನವೆಂಬರ್ 27ರಂದು ಎಂಟು ಮಂದಿ ನ್ಯಾಯಾಧೀಶರು ಏಕಮತದಿಂದ ತೀರ್ಪಿತ್ತರು. ಅದನ್ನು ಬರೆದವರು ಮುಖ್ಯ ನ್ಯಾಯಾಧೀಶ ಜಾನ್ ರಾಬರ್ಟ್ಸ್.

ಆ ತೀರ್ಪಿನ ಸಾರವು ವ್ಯಾಕರಣಪಾಠ. ‘ಅತ್ಯಾವಶ್ಯಕ ನೆಲೆ’ ಎಂಬಲ್ಲಿ ‘ಅತ್ಯಾವಶ್ಯಕ’ವೆಂಬುದು ವಿಶೇಷಣ, ‘ನೆಲೆ’ಯೆಂಬುದು ವಿಶೇಷ್ಯ. ವಿಶೇಷಣವು ವಿಶೇಷ್ಯದ ವ್ಯಾಪ್ತಿಯನ್ನು ಕಿರಿದುಮಾಡುತ್ತದೆಯೇ ಹೊರತು, ವಿಶೇಷ್ಯವಲ್ಲದ್ದನ್ನು ಒಳಕ್ಕೆ ಎಳೆದುಕೊಳ್ಳಲಾರದು. ಕಾಯಿದೆಯೂ ಆ ಜೀವಜಾತಿಯ ನೆಲೆಯನ್ನೇ ಅತ್ಯಾವಶ್ಯಕವೆಂದು ಘೋಷಿಸಬೇಕೆಂದು ಹೇಳುತ್ತದೆ. ಆದುದರಿಂದ ಒಂದು ಸ್ಥಳವು ಅತ್ಯಾವಶ್ಯಕ ನೆಲೆಯಾಗಬೇಕಾದರೆ ಅದು ಮೊದಲು ನೆಲೆಯಾಗಿರಬೇಕು. ಹೀಗೆ ಹೇಳಿ, ‘ನೆಲೆ’ಯೆಂದರೇನು, ಸೇಂಟ್ ಟ್ಯಾಮನಿಯ ಭೂಮಿಯು ನೆಲೆಯೋ ಅಲ್ಲವೋ ಎಂಬುದನ್ನು ತಾವು ನಿರ್ಣಯಿಸದೆ, ಲಾಭನಷ್ಟದ ಲೆಕ್ಕವನ್ನೂ ನ್ಯಾಯಾಲಯವು ಪರೀಕ್ಷಿಸಬಹುದೆಂದು ಸೇರಿಸಿ, ಕೆಳಗಣ ನ್ಯಾಯಾಲಯಕ್ಕೆ ಹಿಂದಿರುಗಿಸಿದರು. ಮರುವರ್ಷ, ಅಂದರೆ 2019ರಲ್ಲಿ, ಪಕ್ಷಗಳು ರಾಜಿಮಾಡಿಕೊಂಡವು. ಆ 1,544 ಎಕರೆಗಳು ಘೋಷಣೆಯಿಂದ ಹೊರಬಿದ್ದವು. ಶಾಸ್ತ್ರೀಯನಾಮವು ಬಂದ ಜಿಲ್ಲೆಯಲ್ಲಿಯೇ ಕಪ್ಪೆಗೆ ಕಾದಿಟ್ಟಿದ್ದ ನೆಲವು ಹೀಗೆ ತಪ್ಪಿಹೋಯಿತು.

ವ್ಯಾಕರಣಪಾಠವು ಅಷ್ಟರಮಟ್ಟಿಗೆ ನಿರ್ದುಷ್ಟವೆಂದು ಒಪ್ಪಲೇಬೇಕು. ಪಾಠಶಾಲೆಯ ಎಳೆಯ ವಿದ್ಯಾರ್ಥಿಯೂ ನೀಲೋತ್ಪಲವೆಂಬ ಕರ್ಮಧಾರಯಸಮಾಸವನ್ನು ಬಿಡಿಸಿ, ನೀಲವಾಗಿರುವುದೆಲ್ಲ ಉತ್ಪಲವಲ್ಲ, ಆದರೆ ನೀಲೋತ್ಪಲವು ಉತ್ಪಲವೇ ಆಗಿರಬೇಕು ಎಂದು ಹೇಳಬಲ್ಲನು. ನೆಲೆಯಾಗಿರುವ ಗುಣವೇ ಬೇಕಾಗಿಲ್ಲವೆಂದು ಕೆಳಗಣ ನ್ಯಾಯಾಲಯವು ಹೇಳಿದ್ದರೆ ಅದು ತಿದ್ದಬೇಕಾದ ಮಾತೇ ಸರಿ. ದೋಷವಿರುವುದು ಸಮಾಸವನ್ನು ಬಿಡಿಸಿದ ರೀತಿಯಲ್ಲಲ್ಲ. ಬಿಡಿಸಿದ ಮೇಲೆ ವಿಶೇಷ್ಯದ ಅರ್ಥವನ್ನು ಹೇಳದೆ ಎದ್ದುಹೋದುದರಲ್ಲಿ. ಉತ್ಪಲವೆಂದರೇನೆಂದು ಕೇಳಿದ ಶಿಷ್ಯನಿಗೆ ‘ನೀಲೋತ್ಪಲವು ಉತ್ಪಲ’ವೆಂದಷ್ಟೇ ಉತ್ತರಕೊಟ್ಟು ಪುಸ್ತಕವನ್ನು ಮುಚ್ಚಿದ ಗುರುವಿನಂತೆ ಇದಾಯಿತು. ಆ ಮೌನವನ್ನು ಆಧಾರಮಾಡಿಕೊಂಡೇ, ಈಗ ಇದ್ದಂತೆ ಪ್ರಾಣಿಗೆ ಒದಗದ ಸ್ಥಳವು ನೆಲೆಯೇ ಅಲ್ಲ ಎಂಬ ವಾದವು ಬೆಳೆಯಿತು. ತಿದ್ದಿದರೆ ತಾನೆ ಕಪ್ಪೆ ಬದುಕೀತು? ತಿದ್ದಬೇಕಾದ ಸ್ಥಳವು ಇನ್ನೂ ನೆಲೆಯಲ್ಲ. ನೆಲೆಯಲ್ಲದ್ದನ್ನು ಅತ್ಯಾವಶ್ಯಕ ನೆಲೆಯೆಂದು ಕಾಯಲು ಬಾರದು. ಕಾಯದೆ ಹೋದರೆ ತಿದ್ದುವುದೆಂತು? ಇದು ಈ ವಾದದ ಚಕ್ರ.

ಈ ಚಕ್ರವು ಹೊಸದೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ಮಹಾಭಾಷ್ಯದಲ್ಲಿ ಪತಂಜಲಿಯು ಇದೇ ತೊಡಕನ್ನು ಎತ್ತಿಕೊಂಡು ಬಿಡಿಸಿದ್ದಾನೆ. ಸಂಪ್ರಸಾರಣವೆಂಬ ಸಂಜ್ಞೆಯ ವಿಚಾರದಲ್ಲಿ ಅವನು ಕೊಡುವ ದೃಷ್ಟಾಂತವು ಸರ್ವಜನವಿದಿತವಾದುದು. ಒಬ್ಬನು ನೇಕಾರನ ಬಳಿಗೆ ನೂಲನ್ನು ತಂದುಕೊಟ್ಟು, ಈ ನೂಲಿನಿಂದ ಬಟ್ಟೆಯನ್ನು ನೇಯಿ ಎಂದನಂತೆ. ನೇಕಾರನು ತರ್ಕಿಯಾಗಿದ್ದರೆ ಹೀಗೆನ್ನಬಹುದು: ಅದು ಬಟ್ಟೆಯಾಗಿದ್ದ ಪಕ್ಷದಲ್ಲಿ ನೇಯಬೇಕಾಗಿಲ್ಲ, ನೇಯಬೇಕಾಗಿದ್ದ ಪಕ್ಷದಲ್ಲಿ ಅದು ಬಟ್ಟೆಯಲ್ಲ, ಬಟ್ಟೆಯೂ ಹೌದು, ನೇಯಬೇಕಾದುದೂ ಹೌದು ಎಂಬುದು ವಿರುದ್ಧ. ಆದರೆ ಯಾವ ನೇಕಾರನೂ ಹೀಗೆ ಹೇಳಿ ನೂಲನ್ನು ಹಿಂದಿರುಗಿಸುವುದಿಲ್ಲ. ಬಟ್ಟೆಯೆಂಬುದು ಅಲ್ಲಿ ಭಾವಿಯಾದ ಸಂಜ್ಞೆ. ಯಾವುದನ್ನು ನೇಯ್ದ ಮೇಲೆ ಬಟ್ಟೆಯೆಂಬ ಹೆಸರು ಸಲ್ಲುವುದೋ ಅದನ್ನು ನೇಯಿ ಎಂದು ಮಾತಿನ ತಾತ್ಪರ್ಯ. ಇದು ಶಾಸ್ತ್ರಜ್ಞರ ಸೊತ್ತೇ ಅಲ್ಲ, ಮನೆಮನೆಯ ಮಾತು. ಗೃಹಿಣಿಯು ‘ಅನ್ನ ಮಾಡು’ ಎನ್ನುತ್ತಾಳೆ, ಅಕ್ಕಿ ಮಾಡೆನ್ನುವುದಿಲ್ಲ. ರೈತನು ‘ಬಾವಿ ತೋಡಿಸುತ್ತೇನೆ’ ಎನ್ನುತ್ತಾನೆ. ತೋಡುವ ಮುನ್ನ ಅಲ್ಲಿ ಬಾವಿಯಿತ್ತೇ ಎಂದು ಅವನನ್ನು ಯಾರೂ ಅಡ್ಡಗಟ್ಟುವುದಿಲ್ಲ. ರಕ್ಷಿಸಿ ತಿದ್ದಿದ ಮೇಲೆ ಕಪ್ಪೆಯು ಬಾಳಬಲ್ಲ ಸ್ಥಳವನ್ನು ಈಗಲೇ ನೆಲೆಯೆಂದು ಕರೆಯುವುದು ಮಾತಿನ ಸಹಜಧರ್ಮವೇ ಹೊರತು ಇಲಾಖೆಯ ದಬ್ಬಾಳಿಕೆಯಲ್ಲ.

ಹಾಗಾದರೆ ತಿದ್ದಿದರೆ ನೆಲೆಯಾಗಬಹುದಾದುದೆಲ್ಲ ನೆಲೆಯೆಂದರೆ ಮಿತಿಯೆಲ್ಲಿ? ಮರುಭೂಮಿಯಲ್ಲಿ ನೀರು ತುಂಬಿ, ಹಿಮದ ದೇಶದಲ್ಲಿ ಗಾಜಿನ ಮನೆ ಕಟ್ಟಿ, ಎಲ್ಲವನ್ನೂ ಕಪ್ಪೆಯ ನೆಲೆಯೆನ್ನಬಹುದಲ್ಲವೇ? ಈ ಆಕ್ಷೇಪಕ್ಕೆ ಸಮಾಧಾನವು ಅದೇ ದೃಷ್ಟಾಂತದಲ್ಲಿದೆ. ನೇಕಾರನ ಕೈಗೆ ಬಂದುದು ನೂಲು, ಮರಳಲ್ಲ. ಮರಳನ್ನು ಕೊಟ್ಟು ಬಟ್ಟೆ ನೇಯೆಂದವನ ಮಾತು ಮಾತ್ರವೇ ಹುರುಳಿಲ್ಲದ್ದು. ಸೇಂಟ್ ಟ್ಯಾಮನಿಯಲ್ಲಿ ಐದು ಕುಂಟೆಗಳೆಂಬ ನೂಲಿದ್ದಿತು. ಒಂದು ಕಾಲಕ್ಕೆ ಕಪ್ಪೆಯು ಅಲ್ಲಿ ಬಾಳಿದ್ದುದಕ್ಕೆ ಸಾಕ್ಷ್ಯವಿದ್ದಿತು. ಬೇಕಾಗಿದ್ದುದು ಮರಗಳನ್ನು ತೆಳುಮಾಡುವುದು, ಉದ್ದೆಲೆಯ ಪೈನನ್ನು ನೆಡುವುದು, ಹದವರಿತು ಬೆಂಕಿಯಿಡುವುದು. ಇವು ಮಿಸಿಸಿಪಿಯ ಕಾಡಿನಲ್ಲಿ ಆಗಲೇ ನಡೆದಿದ್ದ ಕೆಲಸಗಳು. ಸಾಧ್ಯವಾದ, ಮಿತವಾದ ಪ್ರಯತ್ನದಿಂದ ಸಿದ್ಧವಾಗುವುದು ನೆಲೆ. ಸೃಷ್ಟಿಯನ್ನೇ ಬದಲಾಯಿಸಬೇಕಾದುದು ನೆಲೆಯಲ್ಲ. ಮಿತಿಯು ಇಷ್ಟು ಸ್ಪಷ್ಟವಾಗಿರುವಾಗ ಮಿತಿಯಿಲ್ಲವೆಂದು ಹೆದರಿಸುವುದು ಸಲ್ಲದು.

ಕಾಯಿದೆಯ ಒಳಗಣ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಅದರ ಪರಿಭಾಷಾಪ್ರಕರಣದಲ್ಲಿ ‘ಸಂರಕ್ಷಣೆ’ಯೆಂಬುದಕ್ಕೆ ಲಕ್ಷಣವನ್ನು ಹೇಳಿದೆ. ಇದ್ದುದನ್ನು ಇದ್ದಂತೆ ಕಾಪಾಡುವುದಷ್ಟೇ ಸಂರಕ್ಷಣೆಯಲ್ಲ. ಕಾಯಿದೆಯ ಆಸರೆಯೇ ಬೇಡವಾಗುವಷ್ಟರ ಮಟ್ಟಿಗೆ ಆ ಜಾತಿಯನ್ನು ಚೇತರಿಸಿ ನಿಲ್ಲಿಸಲು ಬೇಕಾದ ಎಲ್ಲ ಉಪಾಯಗಳೂ ಸಂರಕ್ಷಣೆ. ಈ ಲಕ್ಷಣವು ಮೂರನೆಯದು, ‘ಅತ್ಯಾವಶ್ಯಕ ನೆಲೆ’ಯ ಲಕ್ಷಣವು ಐದನೆಯದು, ನಡುವೆ ಇವೆರಡಕ್ಕೂ ಸಂಬಂಧವಿಲ್ಲದ ನಾಲ್ಕನೆಯದೊಂದಿದೆ. ಹಿಂದಿನ ಸೂತ್ರದ ಪದವು ನಡುವಣ ಸೂತ್ರವನ್ನು ಹಾರಿ ಮುಂದಿನದಕ್ಕೆ ಅನ್ವಯಿಸುವುದನ್ನು ವೈಯಾಕರಣರು ಮಂಡೂಕಪ್ಲುತಿಯೆಂದು ಕರೆಯುತ್ತಾರೆ. ಐದನೆಯ ಲಕ್ಷಣದಲ್ಲಿ ‘ಸಂರಕ್ಷಣೆಗೆ ಅವಶ್ಯಕವಾದ ಸ್ಥಳ’ವೆಂದು ಹೇಳಿರುವುದರಿಂದ ಮೂರನೆಯದರ ಅರ್ಥವು ಅಲ್ಲಿಗೆ ಬಂದೇ ತೀರಬೇಕು. ಬಂದರೆ, ಚೇತರಿಕೆಗೆ ಬೇಕಾದ ಸ್ಥಳವೆಂದು ಅರ್ಥವಾಗುತ್ತದೆ. ಒಂದೇ ಕುಂಟೆಯಲ್ಲಿರುವ ನೂರು ಕಪ್ಪೆಗಳು ಚೇತರಿಸಿಕೊಳ್ಳುವುದು ಆ ಕುಂಟೆಯಲ್ಲಿಯೇ ಕುಳಿತಲ್ಲ. ಬೇರೆ ಕುಂಟೆಗಳು ದೊರೆತಾಗ. ಕಪ್ಪೆಯ ವಿಚಾರದಲ್ಲಿ ಕಪ್ಪೆಯ ನೆಗೆತವನ್ನೇ ನ್ಯಾಯಾಧೀಶರು ಮರೆತದ್ದು ಶೋಚನೀಯ.

ನ್ಯಾಯಾಲಯವು ಬಿಟ್ಟುಹೋದ ತೆರಪನ್ನು ಸರಕಾರವು ಹೇಗೆ ತುಂಬಿತೆಂಬುದನ್ನೂ ನೋಡಬೇಕು. 2020ನೆಯ ಡಿಸೆಂಬರಿನಲ್ಲಿ ಹೊರಟ ನಿಯಮವೊಂದು, ಜೀವನಕ್ಕೆ ಬೇಕಾದ ಸಾಧನಗಳು ಈಗ ಇರುವ ಅಥವಾ ಕಾಲಕಾಲಕ್ಕೆ ಒದಗುವ ಸ್ಥಳವೇ ನೆಲೆಯೆಂದು ಲಕ್ಷಣವನ್ನು ಹೇಳಿತು. ತಿದ್ದಿದರೆ ಒದಗುವ ಸ್ಥಳಗಳೆಲ್ಲ ಹೊರಗುಳಿದವು. ಕೆಡಿಸಿದವನ ಕೃತ್ಯವೇ ಕೆಟ್ಟ ಸ್ಥಳವನ್ನು ರಕ್ಷಣೆಯಿಂದ ತಪ್ಪಿಸುವ ಉಪಾಯವಾಯಿತು. ಮರ ಕಡಿದವನು ಮರವಿಲ್ಲದ ಸ್ಥಳವನ್ನು ತೋರಿಸಿ, ಇದು ಕಾಡಲ್ಲವೆಂದು ವಾದಿಸಬಹುದಾಯಿತು. ತರುವಾಯ ಬಂದ ಬೇರೊಂದು ಸರಕಾರವು 2022ರಲ್ಲಿ ಆ ನಿಯಮವನ್ನು ರದ್ದುಪಡಿಸಿತು. ಅದರ ಬದಲು ಬೇರೆ ಲಕ್ಷಣವನ್ನು ಮಾತ್ರ ಹೇಳಲಿಲ್ಲ. ಎರಡು ವರ್ಷಗಳಲ್ಲಿ ಬರೆದು ಅಳಿಸುವ ಲಕ್ಷಣವನ್ನು ನಂಬಿ ಯಾವ ಪ್ರಾಣಿಯ ವಂಶವೂ ಉಳಿಯಲಾರದು.

ಇನ್ನು ಕೆಲವರ ಮಾತು: ಕಪ್ಪೆಯನ್ನು ಪ್ರಾಣಿಸಂಗ್ರಹಾಲಯದಲ್ಲಿ ಸಾಕಬಹುದಲ್ಲ, ಕಾಡೇಕೆ? ಸಾಕುತ್ತಿರುವುದೇನೋ ನಿಜ. ಕೃತಕವಾಗಿ ಮೊಟ್ಟೆಗಳನ್ನು ಫಲಗೊಳಿಸಿ ಮರಿಮಾಡುವ ವಿದ್ಯೆಯನ್ನು ಈ ಕಪ್ಪೆಯ ವಿಷಯದಲ್ಲಿ ಅಲ್ಲಿಯವರು ಸಾಧಿಸಿದ್ದಾರೆ. ತೊಟ್ಟಿಗಳಲ್ಲಿ ಗೊದಮೊಟ್ಟೆಗಳನ್ನು ಬೆಳೆಸಿ, ದುರಸ್ತುಮಾಡಿದ ಕುಂಟೆಗಳಿಗೆ ಬಿಟ್ಟಿದ್ದಾರೆ. ಆದರೆ ಬಿಡುವುದಕ್ಕೆ ಕುಂಟೆಯಿದ್ದರಲ್ಲವೇ ಸಾಕಿದುದು ಸಾರ್ಥಕ? ತೊಟ್ಟಿಯಲ್ಲಿಯೇ ಹುಟ್ಟಿ ತೊಟ್ಟಿಯಲ್ಲಿಯೇ ಸಾಯುವ ಕಪ್ಪೆಯು ಜಾತಿಯ ಉಳಿವಲ್ಲ, ಅದ್ಭುತಾಲಯದ ವಸ್ತು. ಐವತ್ತು ವರ್ಷಗಳಿಂದ ಅಲ್ಲಿ ಕಪ್ಪೆಯಿಲ್ಲವಲ್ಲ ಎಂದು ಮತ್ತೆ ಕೆಲವರು. ಋಗ್ವೇದದ ಏಳನೆಯ ಮಂಡಲದಲ್ಲಿ ವಸಿಷ್ಠರ ಮಂಡೂಕಸೂಕ್ತವಿದೆ. ಮಳೆಗೆ ಮೊದಲು ಒಣಗಿದ ತೊಗಲಚೀಲದಂತೆ ಬಿದ್ದಿರುವ ಕಪ್ಪೆಯನ್ನು ವರ್ಣಿಸುವಾಗ ಋಷಿಯು ಆ ಬತ್ತಿದ ಸ್ಥಳವನ್ನು ಸರಸ್ಸೆಂದೇ ಕರೆಯುತ್ತಾನೆ. ನೀರಿಲ್ಲದ ಮಾತ್ರಕ್ಕೆ ಸರಸ್ಸು ಸರಸ್ಸಲ್ಲವೆಂದು ಅವನಿಗೆ ತೋರಲಿಲ್ಲ. ಬೇಸಗೆಯಲ್ಲಿ ದನ ಮೇಯುವ ಕೆರೆಯಂಗಳವನ್ನು ಕನ್ನಡಿಗನೂ ಕೆರೆಯೆಂದೇ ಕರೆಯುತ್ತಾನೆ; ಅದನ್ನು ಬಯಲೆಂದು ಕರೆಯಲು ಮೊದಲಾದ ಊರಿನಲ್ಲಿ ಮುಂದೆ ಕೆರೆಯಿರುವುದಿಲ್ಲ. ಒಂದು ಋತುವಿನ ಅಭಾವಕ್ಕೆ ಸಲ್ಲುವ ಮಾತು, ಮನುಷ್ಯನೇ ಉಂಟುಮಾಡಿದ ಐವತ್ತು ವರ್ಷಗಳ ಅಭಾವಕ್ಕೂ ಸಲ್ಲಬೇಕು.

ಹೊಸ ಸ್ಥಳದಲ್ಲಿ ನೆಲಸಿ ಬದುಕಿದ ಪ್ರಾಣಿಯ ನಿದರ್ಶನವೂ ಅದೇ ಕಾಯಿದೆಯ ಚರಿತ್ರೆಯಲ್ಲಿದೆ. ಟೆನೆಸೀ ಸಂಸ್ಥಾನದ ಲಿಟಲ್ ಟೆನೆಸೀ ನದಿಯಲ್ಲಿ ಸ್ನೇಲ್ ಡಾರ್ಟರ್ ಎಂಬ ಬೆರಳುದ್ದದ ಮೀನಿನ ನೆಲೆಯು ಟೆಲಿಕೋ ಅಣೆಕಟ್ಟಿನಿಂದ ಮುಳುಗುವುದೆಂದು ವ್ಯಾಜ್ಯವೆದ್ದಾಗ, ಬಹುಮಟ್ಟಿಗೆ ಮುಗಿದಿದ್ದ ಕಟ್ಟೆಯನ್ನೂ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತಡೆಯಿತು. ಮರುವರ್ಷ ಶಾಸನಸಭೆಯು ಆ ಕಟ್ಟೆಗೆ ವಿನಾಯಿತಿಯಿತ್ತಿತು, ನೀರು ನಿಂತಿತು, ಆ ನೆಲೆ ಹೋಯಿತು. ಆದರೂ ಮೀನು ಅಳಿಯಲಿಲ್ಲ. ಮುಂಜಾಗ್ರತೆಯಿಂದ ಅದನ್ನು ಬೇರೆ ನದಿಗೆ ಒಯ್ದು ಬಿಟ್ಟಿದ್ದರು. ಮತ್ತೆ ಕೆಲವು ಹೊಳೆಗಳಲ್ಲಿಯೂ ಅದು ಕಂಡುಬಂದಿತು. 2022ರಲ್ಲಿ ಚೇತರಿಸಿಕೊಂಡಿತೆಂದು ಅದನ್ನು ಪಟ್ಟಿಯಿಂದ ತೆಗೆದರು. ಪ್ರಾಣಿಯು ಇಂದು ಇರುವ ಸ್ಥಳವೊಂದನ್ನೇ ನೆಚ್ಚಿಕೊಂಡಿದ್ದರೆ ಆ ಮೀನು ಕಟ್ಟೆಯ ಕೆಳಗೆ ಹೂತುಹೋಗುತ್ತಿತ್ತು.

ಎಲ್ಲಕ್ಕಿಂತ ಬಲವಾದ ಆಕ್ಷೇಪವು ಹಕ್ಕುದಾರನದು. ಅವನ ನೆಲ, ಅವನ ಮರ. ಅವನು ಹುಟ್ಟಿದಂದಿನಿಂದ ಕಾಣದ ಕಪ್ಪೆಗಾಗಿ ಕೋಟ್ಯಂತರ ಡಾಲರುಗಳ ನಷ್ಟವನ್ನು ಅವನೊಬ್ಬನೇ ಏಕೆ ಹೊರಬೇಕು? ಈ ಮಾತನ್ನು ಅಲ್ಲಗಳೆಯುವುದು ಅನ್ಯಾಯ. ಘೋಷಣೆಯಿಂದ ಭೂಮಿಯು ಸರಕಾರದ ವಶವಾಗುವುದಿಲ್ಲ. ಕಪ್ಪೆಯನ್ನು ತಂದು ಬಿಡಬೇಕೆಂದಾಗಲಿ ಮರವನ್ನು ಬದಲಾಯಿಸಬೇಕೆಂದಾಗಲಿ ಯಜಮಾನನಿಗೆ ಆಜ್ಞೆಯಿಲ್ಲ. ಕೇಂದ್ರ ಸರಕಾರದ ಅನುಮತಿಯೋ ಹಣವೋ ಬೇಕಾದ ಕಾಮಗಾರಿಗಳನ್ನು ಮಾತ್ರ ಪರಿಶೀಲಿಸಬೇಕಾಗುತ್ತದೆ. ಇಷ್ಟು ನಿಜ. ಆದರೆ ಇದೇ ಸಂಗತಿಯು ಕಾಯಿದೆಯ ಮತ್ತೊಂದು ಕುಂದನ್ನೂ ಬಯಲುಮಾಡುತ್ತದೆ. ಯಜಮಾನನು ಒಪ್ಪದಿದ್ದರೆ ಒಂದು ಪೈನ್ ಸಸಿಯನ್ನೂ ಅಲ್ಲಿ ನೆಡಲಾಗದು. ಅವನ ಕೈಯನ್ನು ಕಟ್ಟಿದ ಕಾಯಿದೆಯು ಕಪ್ಪೆಯ ಕೈಗೆ ಏನನ್ನೂ ಕೊಡಲಿಲ್ಲ. ಸಂರಕ್ಷಣೆಯು ಸಮಸ್ತ ಪ್ರಜೆಗಳ ಧರ್ಮವೆಂದಮೇಲೆ ಅದರ ವೆಚ್ಚವು ಸಮಸ್ತ ಪ್ರಜೆಗಳ ಬೊಕ್ಕಸದಿಂದ ಹೊರಡಬೇಕು. ಒಬ್ಬನ ಜೇಬಿನಿಂದ ಪುಣ್ಯವನ್ನು ಸಂಪಾದಿಸಲು ಹೊರಟ ಇಲಾಖೆಗೆ ನ್ಯಾಯಾಲಯದಲ್ಲಿ ಸೋಲಾದುದು ಆಶ್ಚರ್ಯವಲ್ಲ.

ಆದಕಾರಣ ಆಗಬೇಕಾದುದು ಎರಡು. ಒಂದನೆಯದಾಗಿ, ನೆಲೆಯೆಂದರೆ ಮಿತವಾದ ಪ್ರಯತ್ನದಿಂದ ಆ ಜಾತಿಗೆ ಮತ್ತೆ ಒದಗುವಂತೆ ಮಾಡಬಹುದಾದ ಸ್ಥಳವೂ ಸೇರಿದುದೆಂದು ಶಾಸನಸಭೆಯೇ ಕಾಯಿದೆಯಲ್ಲಿ ಬರೆಯಬೇಕು. ಇದನ್ನು ಬಂದುಹೋಗುವ ಸರಕಾರಗಳ ನಿಯಮಗಳಿಗಾಗಲಿ, ಅರ್ಥವನ್ನು ಹೇಳದೆ ಸಮಾಸವನ್ನು ಬಿಡಿಸುವ ನ್ಯಾಯಾಧೀಶರಿಗಾಗಲಿ ಬಿಡಬಾರದು. ಎರಡನೆಯದಾಗಿ, ಅಂತಹ ಸ್ಥಳವು ಖಾಸಗಿಯವರದಾದರೆ ಅದನ್ನು ಯೋಗ್ಯವಾದ ಬೆಲೆಗೆ ಕೊಳ್ಳಬೇಕು, ಇಲ್ಲವೇ ಯಜಮಾನನಿಗೆ ವರ್ಷಾಶನವನ್ನಿತ್ತು ಕರಾರು ಮಾಡಿಕೊಂಡು ತಿದ್ದಬೇಕು. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಆಧಾರವಿಲ್ಲ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಫಲವಿಲ್ಲ.

ಪಟ್ಟಿಯಲ್ಲಿ ಹೆಸರನ್ನು ಬರೆದ ಮಾತ್ರದಿಂದ ಯಾವ ಪ್ರಾಣಿಯೂ ಬದುಕಿದ ದೃಷ್ಟಾಂತವಿಲ್ಲ. ಹೆಸರಿಗೆ ಒಂದು ಪುಟ ಸಾಕು, ವಂಶಕ್ಕೆ ನೆಲ ಬೇಕು. ಭಯವಾದಾಗ ಕಣ್ಣುಮುಚ್ಚಿಕೊಂಡು ಕುಳಿತುಕೊಳ್ಳುವುದು ಗೋಫರ್ ಕಪ್ಪೆಗೆ ಸ್ವಭಾವಸಿದ್ಧವಾದ ಧರ್ಮ. ಅದಕ್ಕೆ ಬೇರೆ ದಾರಿಯಿಲ್ಲ. ಅದನ್ನು ಕಾಯುವೆವೆಂದು ಕಾಯಿದೆಯನ್ನು ಬರೆದವರಿಗೆ ಆ ಧರ್ಮವು ಶೋಭಿಸುವುದಿಲ್ಲ.